ಎರಡು ಮಿಲಿಮೀಟರ್ ಹತ್ತಿ: ಆರ್‌ಟಿಎ ಟ್ಯಾಂಕಿನ ಜೊತೆ ಐದು ವಾರ

ಮೊದಲ ರಾತ್ರಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿಟ್ಟಿದ್ದ ಇ-ಸಿಗರೇಟಿನ (ವೇಪ್‌ನ) ಟ್ಯಾಂಕು ಬೆಳಿಗ್ಗೆ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಅದರೊಳಗಿದ್ದ ದ್ರವವು ಗಾಳಿಯುಂಗುರದ ರಂಧ್ರದಿಂದ ಸದ್ದಿಲ್ಲದೆ ಜಿನುಗಿ, ಕೆಳಗಿನ ಬ್ಯಾಟರಿ ಪೆಟ್ಟಿಗೆಯ ಮೈಮೇಲೆ ಇಳಿದು, ಮೇಜಿನ ಮೇಲೆ ಬಳೆಯಷ್ಟು ಅಗಲದ ಅಂಟು ಕಲೆಯಾಗಿ ನಿಂತಿತ್ತು. ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿ, ಅಂದರೆ ಕಾಯಿಲು, ಸಿದ್ಧವಾಗಿಯೇ ಬರುವ ಟ್ಯಾಂಕುಗಳನ್ನು ಮೂರು ವರ್ಷ ಬಳಸಿದ ಮೇಲೆ, ಕಾಯಿಲನ್ನು ನಮ್ಮ ಕೈಯಾರೆ ಸುತ್ತಿ ಕೂರಿಸಬೇಕಾದ ಟ್ಯಾಂಕೊಂದನ್ನು, ಅಂದರೆ ಬಳಕೆದಾರರು ಆರ್‌ಟಿಎ ಎಂದು ಕರೆಯುವ ಬಗೆಯದನ್ನು, ನಾನು ಮೊದಲ ಬಾರಿಗೆ ಕೊಂಡು ಐದು ವಾರ ದಿನವೂ ಬಳಸಿದ್ದೇನೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮುಂದೆ ಹೇಳಲಿರುವ ತಕರಾರುಗಳಲ್ಲಿ ಎಷ್ಟು ಟ್ಯಾಂಕಿನವು, ಎಷ್ಟು ನನ್ನ ಕೈಯವು ಎಂದು ಬೇರ್ಪಡಿಸುವುದಕ್ಕೇ ಎರಡು ವಾರ ಹಿಡಿದದ್ದರಿಂದ, ಹೆಸರು ಹೇಳಿ ದೂರುವುದು ನ್ಯಾಯವೆನಿಸಲಿಲ್ಲ.

ಇದು ಸಿಗರೇಟು ಬಿಟ್ಟು ವೇಪ್‌ಗೆ ಬಂದಿರುವ ವಯಸ್ಕರಿಗಾಗಿ ಬರೆದದ್ದು. ನಿಕೋಟಿನ್ ಚಟ ಹಿಡಿಸುವ ವಸ್ತು. ಈವರೆಗೆ ಏನನ್ನೂ ಸೇದದವರು ಇದರ ತಂಟೆಗೆ ಬರಲು ಕಾರಣವೇ ಇಲ್ಲ. ನಿಕೋಟಿನ್ ಬೆರೆತ ದ್ರವ ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಇರಲೇಬಾರದು ಎಂಬುದನ್ನೂ, ಮೇಜಿನ ಮೇಲೆ ಸೋರಿದ ದ್ರವವನ್ನು ಒರೆಸಿದವನಾಗಿ, ಒತ್ತಿ ಹೇಳುತ್ತೇನೆ.

ಟ್ಯಾಂಕು 22 ಮಿ.ಮೀ. ವ್ಯಾಸದ್ದು, ಸ್ಟೇನ್‌ಲೆಸ್ ಸ್ಟೀಲಿನದು, ಒಂದೇ ಕಾಯಿಲಿಗೆ ಜಾಗವಿರುವಂಥದು. ಆವಿಯನ್ನು ಮೊದಲು ಬಾಯಿಗೆ ಎಳೆದುಕೊಂಡು ಆಮೇಲೆ ಎದೆಗೆ ಇಳಿಸುವ, ಸಿಗರೇಟಿನ ಅಭ್ಯಾಸಕ್ಕೆ ಹತ್ತಿರವಾದ ಎಂಟಿಎಲ್ ಶೈಲಿಗಾಗಿ ಇದನ್ನು ಮಾಡಿದ್ದಾರೆ. ಪೆಟ್ಟಿಗೆಯಲ್ಲಿ ಎರಡು ಗಾಜಿನ ಕೊಳವೆಗಳಿವೆ: ಒಂದು 2 ಮಿ.ಲೀ., ಇನ್ನೊಂದು 4 ಮಿ.ಲೀ. ಹಿಡಿಯುತ್ತದೆ. ಚಿಕ್ಕದನ್ನು ಯಾಕಾದರೂ ಕೊಡುತ್ತಾರೆ ಎಂದು ಆಶ್ಚರ್ಯಪಡುವವರಿಗೆ ಉತ್ತರ ಯುರೋಪಿನಲ್ಲಿದೆ. ಐರೋಪ್ಯ ಒಕ್ಕೂಟದ 2014ರ ತಂಬಾಕು ಉತ್ಪನ್ನಗಳ ನಿರ್ದೇಶನವು ನಿಕೋಟಿನ್ ದ್ರವ ತುಂಬುವ ಟ್ಯಾಂಕಿನ ಗಾತ್ರವನ್ನು 2 ಮಿ.ಲೀ.ಗೆ ಮಿತಿಗೊಳಿಸಿದ್ದರಿಂದ, ಅಲ್ಲಿನ ಮಾರುಕಟ್ಟೆಗೂ ಸಲ್ಲುವಂತೆ ಈ ಚಿಕ್ಕ ಗಾಜು ಜೊತೆಗೆ ಬರುತ್ತದೆ. ನಾನು ಎರಡು ದಿನ ಅದನ್ನು ಬಳಸಿ, ದಿನಕ್ಕೆ ಮೂರು ಸಲ ತುಂಬುವ ಬೇಸರಕ್ಕೆ ದೊಡ್ಡದನ್ನೇ ಹಾಕಿಕೊಂಡೆ.

ಒಳಗಿನ ಏರ್ಪಾಟು ಸರಳ. ತಳದಲ್ಲಿ ಡೆಕ್ ಎಂಬ ಪುಟ್ಟ ವೇದಿಕೆ. ಅದರ ಮೇಲೆ ಎರಡು ಕಂಬಗಳು, ಪ್ರತಿ ಕಂಬಕ್ಕೂ ಒಂದು ಸ್ಕ್ರೂ. ಒಂದು ಕಂಬ ಡೆಕ್‌ನ ಲೋಹಕ್ಕೇ ಸೇರಿದ್ದು, ಇನ್ನೊಂದು ಶಾಖ ತಡೆಯುವ ಪ್ಲಾಸ್ಟಿಕ್ಕಿನಿಂದ ಬೇರ್ಪಟ್ಟು ಕೆಳಗಿನ 510 ಪಿನ್ನಿಗೆ, ಅಂದರೆ ಬ್ಯಾಟರಿ ಪೆಟ್ಟಿಗೆಯಿಂದ ವಿದ್ಯುತ್ ಪಡೆಯುವ ಪಿನ್ನಿಗೆ, ತಗುಲಿಕೊಂಡಿದೆ. ಕಂಬಗಳ ನಡುವೆ ತಂತಿಯ ಸುರುಳಿ, ಸುರುಳಿಯ ಒಳಗಿಂದ ಹತ್ತಿಯ ಬತ್ತಿ, ಬತ್ತಿಯ ಎರಡು ತುದಿಗಳು ಡೆಕ್‌ನ ಅಂಚಿನ ಎರಡು ಕಂಡಿಗಳೊಳಗೆ. ಮೇಲಿನ ಗಾಜಿನಲ್ಲಿರುವ ದ್ರವ ಆ ಕಂಡಿಗಳಲ್ಲಿ ಬತ್ತಿಗೆ ತಗುಲುತ್ತದೆ, ಬತ್ತಿ ಅದನ್ನು ಹೀರಿ ಕಾಯಿಲಿಗೆ ಒಯ್ಯುತ್ತದೆ, ಕಾಯಿಲು ಅದನ್ನು ಆವಿಯಾಗಿಸುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆತ್ತುವ ಕ್ರಮವೇ ಇದು. ವ್ಯತ್ಯಾಸವೆಂದರೆ ಇಲ್ಲಿ ಎಣ್ಣೆ ಬತ್ತಿಗಿಂತ ಮೇಲಿದೆ, ಮತ್ತು ಈ ಇಡೀ ಬರಹದ ಗೋಳು ಆ ಒಂದು ವ್ಯತ್ಯಾಸದಿಂದ ಹುಟ್ಟಿದ್ದು.

ಪೆಟ್ಟಿಗೆಯಿಂದ ತೆಗೆದ ಟ್ಯಾಂಕನ್ನು ನೇರವಾಗಿ ಬಳಸಬಾರದು. ನಾನು ಬಿಚ್ಚಿದಾಗ ಥ್ರೆಡ್‌ಗಳ ಸಂದಿಯಲ್ಲಿ ಯಂತ್ರದೆಣ್ಣೆಯ ವಾಸನೆ ಸ್ಪಷ್ಟವಾಗಿತ್ತು, ಬಿಳಿ ಬಟ್ಟೆಯಿಂದ ಒರೆಸಿದರೆ ಬೂದುಬಣ್ಣ ಹತ್ತುತ್ತಿತ್ತು. ಎಲ್ಲ ಭಾಗಗಳನ್ನೂ ಬಿಡಿಸಿ, ಬಿಸಿನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿ, ಎರಡು ಸಲ ಜಾಲಿಸಿ ಒಣಗಿಸಿದೆ. ಒಂಬತ್ತು ಬಿಡಿಭಾಗಗಳು, ಸೋರದಂತೆ ಸಂದಿ ಮುಚ್ಚುವ ಆರು ಓ-ರಿಂಗ್‌ಗಳು. ಬಿಡಿಸುವಾಗ ಯಾವುದು ಯಾವುದರ ಮೇಲೆ ಕೂರುತ್ತದೆ ಎಂದು ಫೋಟೊ ತೆಗೆದುಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ಜೊತೆಗೆ ಬಂದ ಕೈಪಿಡಿಯಲ್ಲಿದ್ದ ಚಿತ್ರ ಅಂಚೆಚೀಟಿಯಷ್ಟು ದೊಡ್ಡದು.

ತಂತಿಯ ವಿಷಯಕ್ಕೆ ಬರುತ್ತೇನೆ. ಹೊಸಬರಿಗೆ ಭಯ ಹುಟ್ಟಿಸುವುದು ಇದೇ, ಆದರೆ ನಿಜದಲ್ಲಿ ಎಲ್ಲಕ್ಕಿಂತ ಸುಲಭವಾದದ್ದೂ ಇದೇ. ಮೊದಲ ಕಾಯಿಲಿಗೆ ನಾನು ಆರಿಸಿದ್ದು ಕಾಂತಲ್ ಎ1, 28 ಗೇಜ್. ಕಾಂತಲ್ ಎಂಬುದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಮಿಶ್ರಲೋಹದ ವಾಣಿಜ್ಯನಾಮ. ಕಾಯಿಸಿದಾಗ ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪದರ ಕಟ್ಟಿ ಒಳಗಿನ ಲೋಹವನ್ನು ಕಾಪಾಡುತ್ತದೆ. ವಿದ್ಯುತ್ ಕುಲುಮೆಗಳಲ್ಲಿ ಅದನ್ನು ಬಳಸುವುದೂ ಈ ಗುಣಕ್ಕಾಗಿಯೇ. 28 ಗೇಜ್ ತಂತಿಯ ದಪ್ಪ ಸುಮಾರು 0.32 ಮಿ.ಮೀ. ಈ ದಪ್ಪದ ಕಾಂತಲ್ ಮೀಟರಿಗೆ ಹೆಚ್ಚೂಕಡಿಮೆ 18 ಓಮ್ ರೋಧ ತೋರುತ್ತದೆ. 2.5 ಮಿ.ಮೀ. ದಪ್ಪದ ಕಡ್ಡಿಯ ಮೇಲೆ ಆರು ಸುತ್ತು ಸುತ್ತಿದರೆ ಸುರುಳಿಗೆ ಸುಮಾರು 53 ಮಿ.ಮೀ., ಎರಡು ಕಾಲುಗಳಿಗೆ ಇನ್ನೊಂದು ಸೆಂಟಿಮೀಟರ್. ಒಟ್ಟು ತಂತಿಗೆ 1.1 ಓಮ್ ಆಸುಪಾಸು ಬರಬೇಕು. ಮಾಡ್‌ನ, ಅಂದರೆ ಟ್ಯಾಂಕು ಕೂರುವ ಬ್ಯಾಟರಿ ಪೆಟ್ಟಿಗೆಯ, ಪರದೆಯ ಮೇಲೆ 1.12 ಎಂದು ಮೂಡಿದಾಗ, ಶಾಲೆಯಲ್ಲಿ ಓಮನ ನಿಯಮವನ್ನು ಬಾಯಿಪಾಠ ಮಾಡಿದ್ದು ಜೀವನದಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬಂತೆಂದು ನನಗೆ ಸಣ್ಣ ಮಕ್ಕಳಂತೆ ಖುಷಿಯಾಯಿತು.

ಕಾಯಿಲನ್ನು ಕೂರಿಸುವಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಕೈಪಿಡಿ ಹೇಳುವುದಿಲ್ಲ. ಸ್ಕ್ರೂವನ್ನು ಬಿಗಿಮಾಡುವಾಗ ಅದು ಬಲಕ್ಕೆ ತಿರುಗುತ್ತದೆ. ತಂತಿಯ ಕಾಲು ಸ್ಕ್ರೂವಿನ ಸರಿಯಾದ ಮಗ್ಗುಲಿನಲ್ಲಿದ್ದರೆ ಆ ತಿರುವು ತಂತಿಯನ್ನು ತನ್ನ ಕೆಳಗೆ ಎಳೆದುಕೊಳ್ಳುತ್ತದೆ, ತಪ್ಪು ಮಗ್ಗುಲಿನಲ್ಲಿದ್ದರೆ ಹೊರಕ್ಕೆ ನೂಕುತ್ತದೆ. ನಾನು ಕಡ್ಡಿಯ ಮೇಲೆ ತಂತಿಯನ್ನು ಎಡಕ್ಕೆ ಸುತ್ತಿದ್ದೆ. ಬಿಗಿಮಾಡಿದಷ್ಟೂ ಕಾಲು ಜಾರಿ ಜಾರಿ ಹೊರಬರುತ್ತಿತ್ತು, ನಾನು ಟ್ಯಾಂಕನ್ನು ಬೈಯುತ್ತಿದ್ದೆ. ಮೂರನೇ ಸಲ ತಂತಿಯನ್ನು ಬಲಕ್ಕೆ ಸುತ್ತಿ ನೋಡಿದೆ. ಎರಡೂ ಕಾಲುಗಳು ತಾವಾಗಿಯೇ ಸ್ಕ್ರೂಗಳ ಅಡಿಗೆ ಹೋಗಿ ಕೂತವು. ಬಿಗಿಯಾದ ಮೇಲೆ ಉಳಿದ ತುದಿಗಳನ್ನು ಕಂಬದ ಬುಡಕ್ಕೇ ಕತ್ತರಿಸಬೇಕು. ಅರ್ಧ ಮಿಲಿಮೀಟರ್ ಚೂರು ಉಳಿದು ಕಾಯಿಲನ್ನು ಮುಚ್ಚುವ, ಗಂಟೆಯಾಕಾರದ ಮೇಲಿನ ಲೋಹದ ಹೊದಿಕೆಗೆ ತಗುಲಿದರೂ ಶಾರ್ಟ್ ಆಗುತ್ತದೆ.

ಕಾಯಿಲು ಗಾಳಿಯ ರಂಧ್ರದ ನೇರ ಮೇಲೆ, ಅದರಿಂದ ಒಂದೂವರೆ ಮಿಲಿಮೀಟರ್ ಎತ್ತರದಲ್ಲಿ ನಿಲ್ಲಬೇಕು. ಕಡಿಮೆ ವ್ಯಾಟ್‌ನಲ್ಲಿ ಗುಂಡಿಯನ್ನು ಚಿಕ್ಕ ಚಿಕ್ಕದಾಗಿ ಒತ್ತಿ ನೋಡಿದರೆ ತಂತಿ ನಡುವಿನ ಸುತ್ತುಗಳಿಂದ ಕೆಂಪಾಗುತ್ತ ಅಂಚುಗಳಿಗೆ ಹರಡಬೇಕು. ನನ್ನದು ಮೊದಲು ಬಲಬದಿಯ ಒಂದೇ ಸುತ್ತಿನಲ್ಲಿ ಬೆಂಕಿಕಡ್ಡಿಯಂತೆ ಉರಿಯಿತು, ಉಳಿದ ಐದೂ ಕಪ್ಪಗೇ ಇದ್ದವು. ತಣ್ಣಗಾದ ಮೇಲೆ ಸೆರಾಮಿಕ್ ತುದಿಯ ಚಿಮುಟದಿಂದ ಸುರುಳಿಯ ಮೇಲೆ ವೀಣೆಯ ತಂತಿ ಮೀಟಿದ ಹಾಗೆ ಸವರಿ, ಸುತ್ತುಗಳನ್ನು ಒತ್ತಿ ಸೇರಿಸಿ ಮತ್ತೆ ಕಾಯಿಸಿದೆ. ನಾಲ್ಕಾರು ಸಲ ಹೀಗೆ ಮಾಡಿದ ಬಳಿಕ ಕೆಂಪು ನಡುವಿನಲ್ಲಿ ಹುಟ್ಟಿ ಎರಡೂ ಕಡೆಗೆ ಸಮನಾಗಿ ಹರಿಯಿತು. ಆ ನೋಟಕ್ಕಾಗಿಯೇ ಕೆಲವರು ವಾರಕ್ಕೊಂದು ಕಾಯಿಲು ಸುತ್ತುತ್ತಾರೇನೋ.

ಇಷ್ಟಕ್ಕೆ ನಲವತ್ತು ನಿಮಿಷ ಹಿಡಿದಿತ್ತು, ಮತ್ತು ಕೆಲಸ ಮುಗಿದಂತೆಯೇ ಎಂದು ನಾನು ಎಣಿಸಿದ್ದೆ. ಹತ್ತಿಗೆ ನಾನು ಕೊಟ್ಟ ಸಮಯ ನಾಲ್ಕು ನಿಮಿಷ. ಅದರ ಫಲವೇ ಮರುದಿನ ಬೆಳಗಿನ ಕಲೆ.

ಈ ಟ್ಯಾಂಕು ಸೋರದೆ ನಿಲ್ಲುವುದಕ್ಕೆ ಯಾವ ಮುಚ್ಚಳವೂ ಕಾರಣವಲ್ಲ ಎಂಬುದನ್ನು ನಾನು ಸೋರಿದ ಮೇಲೆ ಅರ್ಥಮಾಡಿಕೊಂಡೆ. ಗಾಜಿನ ಮೇಲ್ಭಾಗ ಗಾಳಿಯಾಡದಂತೆ ಮುಚ್ಚಿರುತ್ತದೆ. ಬತ್ತಿ ದ್ರವವನ್ನು ಹೀರುತ್ತ ಹೋದಂತೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಇಳಿಯುತ್ತದೆ, ಆ ಇಳಿದ ಒತ್ತಡವೇ ಉಳಿದ ದ್ರವವನ್ನು ಮೇಲೆ ಹಿಡಿದು ನಿಲ್ಲಿಸುತ್ತದೆ. ನೀರು ತುಂಬಿದ ಲೋಟವನ್ನು ಬೋರಲು ಹಾಕಿ ತಟ್ಟೆಯ ನೀರಿನಲ್ಲಿ ನಿಲ್ಲಿಸಿದಾಗ ಆಗುವುದೂ ಇದೇ. ನಾವು ದಮ್ಮು ಎಳೆದಾಗ ಬತ್ತಿಯಿಂದ ಒಂದಿಷ್ಟು ದ್ರವ ಖರ್ಚಾಗಿ, ಆ ಜಾಗಕ್ಕೆ ಒದ್ದೆ ಹತ್ತಿಯ ಮೂಲಕ ಒಂದು ಗಾಳಿಗುಳ್ಳೆ ಗಾಜಿನೊಳಗೆ ಏರುತ್ತದೆ. ಅಷ್ಟೇ ದ್ರವ ಕೆಳಗಿಳಿಯುತ್ತದೆ. ಕಂಡಿಯಲ್ಲಿ ಹತ್ತಿ ತೀರ ಸಡಿಲವಿದ್ದರೆ ಗಾಳಿ ಮನಬಂದಂತೆ ಒಳನುಗ್ಗುತ್ತದೆ, ದ್ರವ ಮನಬಂದಂತೆ ಹೊರಬೀಳುತ್ತದೆ. ತೀರ ಬಿಗಿಯಾಗಿದ್ದರೆ ಗುಳ್ಳೆ ಏರುವುದೇ ಇಲ್ಲ, ಬತ್ತಿ ಒಣಗುತ್ತದೆ. ಅಂದರೆ ಕಂಡಿಯಲ್ಲಿರುವ ಹತ್ತಿ ಬರೀ ಬತ್ತಿಯಲ್ಲ, ಅದು ಕವಾಟ. ಆ ಕವಾಟವನ್ನು ಕಾರ್ಖಾನೆ ಮಾಡಿಕೊಟ್ಟಿಲ್ಲ. ಕತ್ತರಿ ಹಿಡಿದು ನಾವೇ ಮಾಡಿಕೊಳ್ಳಬೇಕು.

ನನ್ನ ಮೊದಲ ಬತ್ತಿಯ ತುದಿಗಳು ಕಂಡಿಯ ತಳದಿಂದ ಎರಡು ಮಿಲಿಮೀಟರ್ ಮೇಲೆಯೇ ನಿಂತಿದ್ದವು. ಮೇಲಿಂದ ನೋಡಿದರೆ ಕಂಡಿ ತುಂಬಿದಂತೆಯೇ ಕಾಣುತ್ತಿತ್ತು, ಆದರೆ ಅಡಿಯಲ್ಲಿ ಖಾಲಿ ಜಾಗವಿತ್ತು. ಎರಡನೇ ಸಲ ಸೋರಿಕೆಯ ಭಯಕ್ಕೆ ಉದ್ದ ಬಿಟ್ಟು ಕತ್ತರಿಸಿ, ಚಿಮುಟದಿಂದ ದಿಂಬಿಗೆ ಹತ್ತಿ ತುರುಕುವಂತೆ ತುರುಕಿದೆ. ಒಂದು ಹನಿಯೂ ಸೋರಲಿಲ್ಲ. ಮೂರು ದಮ್ಮು ಚೆನ್ನಾಗಿಯೇ ಬಂದವು, ನಾಲ್ಕನೆಯದಕ್ಕೆ ಗಂಟಲು ಕಿತ್ತುಬರುವಂಥ ಸುಟ್ಟ ರುಚಿ. ಬಳಕೆದಾರರು ಡ್ರೈ ಹಿಟ್ ಎನ್ನುವುದು ಇದನ್ನೇ. ಬತ್ತಿ ಒಣಗಿ ಕಾಯಿಲು ಮಿತಿಮೀರಿ ಕಾದಾಗ ಹತ್ತಿ ಕರಕಲಾಗುವುದಷ್ಟೇ ಅಲ್ಲ, ದ್ರವದಲ್ಲಿನ ಗ್ಲಿಸರಿನ್ ಒಡೆದು ಅಕ್ರೋಲಿನ್, ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. ಎರಡೂ ಶ್ವಾಸಕ್ಕೆ ಕೇಡು. ಆದುದರಿಂದ ಸುಟ್ಟ ರುಚಿ ಬಂದ ಬತ್ತಿಯನ್ನು ಇನ್ನೆರಡು ದಮ್ಮು ನೋಡೋಣ ಎಂದು ಇಟ್ಟುಕೊಳ್ಳದೆ ತಕ್ಷಣ ಕಿತ್ತೆಸೆಯಬೇಕು.

ಮೂರನೇ ಬತ್ತಿಗೆ ಕೂತಾಗ ನಾನು ಆತುರ ಬಿಟ್ಟಿದ್ದೆ. ಹತ್ತಿಯ ಹಾಳೆಯಿಂದ ಸುಮಾರು ಆರು ಮಿಲಿಮೀಟರ್ ಅಗಲದ ಪಟ್ಟಿಯನ್ನು ಎಳೆಗಳ ದಿಕ್ಕಿನಲ್ಲಿ ಸೀಳಿ, ಒಂದು ತುದಿಯನ್ನು ಬೆರಳಲ್ಲಿ ಹೊಸೆದು ಮೊನೆ ಮಾಡಿ ಕಾಯಿಲಿನೊಳಗೆ ತೂರಿಸಿದೆ. ಪಟ್ಟಿಯನ್ನು ಆಚೀಚೆ ಎಳೆದರೆ ಸ್ವಲ್ಪ ತಡೆ ತೋರಬೇಕು, ಆದರೆ ಕಾಯಿಲು ಅದರೊಂದಿಗೆ ವಾಲಬಾರದು. ನನ್ನ ಪಟ್ಟಿ ದಪ್ಪವೆನಿಸಿ ನಾಲ್ಕೈದು ಎಳೆ ತೆಗೆದೆ. ಎರಡೂ ಬಾಲಗಳನ್ನು ಟ್ಯಾಂಕಿನ ಬುಡದ ಹೊರ ಅಂಚಿಗೆ ಸರಿಯಾಗಿ ಕತ್ತರಿಸಿದೆ. ಆಮೇಲೆ, ಕೈಗೂಡಲು ಸಮಯ ಹಿಡಿದ ಕೆಲಸ: ಚಿಮುಟದ ಮೊನೆಯಿಂದ ಬಾಲಗಳನ್ನು ತಲೆಗೂದಲು ಬಾಚುವಂತೆ ಬಾಚಿ, ತುದಿಯ ಹತ್ತಿಯಲ್ಲಿ ಮೂರರಲ್ಲೊಂದು ಪಾಲನ್ನು ತೆಳುಗೊಳಿಸುವುದು. ಬಳಿಕ ಬಾಲವನ್ನು ದ್ರವದಲ್ಲಿ ತೋಯಿಸಿ, ಕಂಡಿಯೊಳಗೆ ಇಳಿಯಬಿಟ್ಟೆ. ತುರುಕಲಿಲ್ಲ, ತುದಿ ತಳವನ್ನು ಮುಟ್ಟಿತು, ಅಲ್ಲಿ ಮಡಚಿಕೊಳ್ಳಲಿಲ್ಲ. ಕಂಡಿಯ ಅಂಚುಗಳಿಗೆ ಹತ್ತಿ ತಾಗಿತ್ತು, ಒತ್ತಿರಲಿಲ್ಲ. ಗಾಳಿಯ ರಂಧ್ರದ ಮೇಲೆ ಎಳೆಯೊಂದು ಬಿದ್ದಿದ್ದನ್ನು ತೆಗೆದೆ. ಟ್ಯಾಂಕು ತುಂಬಿ ಐದು ನಿಮಿಷ ಬಿಟ್ಟು ಮೊದಲ ದಮ್ಮು ಎಳೆದಾಗ, ಗಾಜಿನೊಳಗೆ ಸಾಸಿವೆ ಕಾಳಿನಷ್ಟು ಒಂದೇ ಒಂದು ಗುಳ್ಳೆ ನಿಧಾನವಾಗಿ ಮೇಲೇರಿತು. ಅದನ್ನು ಕಂಡಮೇಲೆ ನಾನು ಟ್ಯಾಂಕನ್ನು ಬೈಯುವುದು ನಿಲ್ಲಿಸಿದೆ.

ಹಾಗೆಂದು ತಪ್ಪೆಲ್ಲ ನನ್ನದೇ ಎಂದು ಒಪ್ಪಲಾರೆ. ಈ ಟ್ಯಾಂಕಿನ ಕಂಡಿಗಳು ಎರಡು ಮಿಲಿಮೀಟರ್‌ನಷ್ಟೇ ಅಗಲವಿದ್ದು, ಅದಕ್ಕೆ ಹೋಲಿಸಿದರೆ ತೀರ ಆಳವಾಗಿವೆ. ಅಷ್ಟು ಕಿರಿದಾದ ಜಾಗದಲ್ಲಿ ಹತ್ತು ಎಳೆ ಹೆಚ್ಚಾದರೂ ಬಿಗಿ, ಹತ್ತು ಎಳೆ ಕಡಿಮೆಯಾದರೂ ಸಡಿಲ. ಗೆಳೆಯರೊಬ್ಬರ ಬಳಿಯಿದ್ದ ಇನ್ನೊಂದು ಟ್ಯಾಂಕಿನಲ್ಲಿ ಕಂಡಿಗಳು ಅಗಲವಾಗಿ, ಆಳ ಕಡಿಮೆಯಾಗಿ ಇದ್ದವು. ಅದರಲ್ಲಿ ನನ್ನ ಮೊದಲ ಪ್ರಯತ್ನವೇ ಸೋರದೆ ನಿಂತಿತು. ಹೊಸಬರಿಗೆಂದು ಮಾರುವ ಟ್ಯಾಂಕಿನಲ್ಲಿ ಹತ್ತಿಯ ಅಳತೆಗೆ ಸ್ವಲ್ಪ ಸಡಿಲು ಬಿಟ್ಟಿರಬೇಕಿತ್ತು. ಕಂಡಿಗಳನ್ನು ಹೊರಗಿನಿಂದ ಚಿಕ್ಕದು ದೊಡ್ಡದು ಮಾಡುವ ಉಂಗುರವನ್ನೂ ತಯಾರಕರು ಕೊಟ್ಟಿದ್ದಾರೆ, ಆದರೆ ಅದು ಹತ್ತಿಯ ತಪ್ಪನ್ನು ತಿದ್ದುವುದಿಲ್ಲ, ಮುಂದೂಡುತ್ತದೆ ಅಷ್ಟೆ.

ದ್ರವದ ದಪ್ಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇವುಗಳ ಮೂಲವಸ್ತು ಎರಡು: ಪ್ರೊಪಿಲೀನ್ ಗ್ಲೈಕಾಲ್, ವೆಜಿಟೇಬಲ್ ಗ್ಲಿಸರಿನ್. ಕೋಣೆಯ ಉಷ್ಣಾಂಶದಲ್ಲಿ ಗ್ಲಿಸರಿನ್ ಗ್ಲೈಕಾಲ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಮಂದ. ಎರಡೂ ಸಮಪಾಲಿನ ದ್ರವ ಈ ಟ್ಯಾಂಕಿಗೆ ಸರಿಹೊಂದಿತು. ಗ್ಲಿಸರಿನ್ ಶೇ. 70 ಇರುವ ದ್ರವ ಹಾಕಿದಾಗ ಅದೇ ಬತ್ತಿ ಹಿಂದೆ ಬಿತ್ತು. ಎರಡು ದಮ್ಮುಗಳ ನಡುವೆ ಅರ್ಧ ನಿಮಿಷ ಬಿಡದಿದ್ದರೆ ರುಚಿ ಒಣಗುತ್ತಿತ್ತು. ಎಂಟಿಎಲ್ ಟ್ಯಾಂಕಿಗೆ ಮಂದ ದ್ರವ ಹಾಕುವವರು ಬಾಲಗಳನ್ನು ಇನ್ನಷ್ಟು ತೆಳುಗೊಳಿಸಿಕೊಳ್ಳಬೇಕು.

ತುಂಬುವ ಕ್ರಮಕ್ಕೂ ಒಂದು ಶಿಸ್ತು ಬೇಕು. ಮೇಲಿನ ಮುಚ್ಚಳ ತೆರೆದ ಕ್ಷಣವೇ ಒಳಗಿನ ಇಳಿದ ಒತ್ತಡ ಹೋಗಿಬಿಡುತ್ತದೆ, ಆಮೇಲೆ ಮುಚ್ಚಳವನ್ನು ತಿರುಗಿಸಿ ಮುಚ್ಚುವಾಗ ಗಾಳಿ ಅದುಮಿಕೊಂಡು ದ್ರವವನ್ನು ಡೆಕ್‌ಗೆ ತಳ್ಳುತ್ತದೆ. ಹಾಗಾಗಿ ಮೊದಲು ಕಂಡಿಯ ಉಂಗುರವನ್ನೂ ಗಾಳಿಯುಂಗುರವನ್ನೂ ಮುಚ್ಚಿ, ತುಂಬಿ, ಮುಚ್ಚಳ ಹಾಕಿ, ಟ್ಯಾಂಕನ್ನು ಒಂದು ಸಲ ಬೋರಲು ಹಿಡಿದು ಗಾಳಿಯುಂಗುರ ತೆರೆದು, ಆಮೇಲೆ ಕಂಡಿ ತೆರೆಯಬೇಕು. ಬರೆಯುವಾಗ ಮಂತ್ರದಂತೆ ಕಾಣುತ್ತದೆ, ಕೈಗೆ ಎರಡು ದಿನದಲ್ಲಿ ರೂಢಿಯಾಗುತ್ತದೆ. ಒಮ್ಮೆ ಮರೆತಾಗ ದಮ್ಮು ಎಳೆದರೆ ಗುಳಗುಳ ಸದ್ದು, ಜೊತೆಗೆ ನಾಲಿಗೆಗೆ ಸಿಡಿದ ಬಿಸಿ ಹನಿ.

ಇನ್ನು ಈ ಟ್ಯಾಂಕಿನ ನಿಜವಾದ ಹಿರಿಮೆಗೆ ಬರೋಣ. ಗಾಳಿಯುಂಗುರದಲ್ಲಿ ಐದು ರಂಧ್ರಗಳಿವೆ, ಅತಿ ಚಿಕ್ಕದು 0.8 ಮಿ.ಮೀ., ಅತಿ ದೊಡ್ಡದು 1.6 ಮಿ.ಮೀ. ಉಂಗುರ ತಿರುಗಿಸಿದಾಗ ಪ್ರತಿ ರಂಧ್ರಕ್ಕೂ ಬೆರಳಿಗೆ ತಿಳಿಯುವಂತೆ ಟಕ್ಕನೆ ನಿಲ್ಲುತ್ತದೆ, ಐದು ವಾರಗಳಾದರೂ ಆ ಬಿಗಿ ಸಡಿಲವಾಗಿಲ್ಲ. ಗಾಳಿ ಕಾಯಿಲಿನ ಅಡಿಗೆ ನೇರವಾಗಿ ಬರುತ್ತದೆ, ಮೇಲಿನ ಗಂಟೆಯೊಳಗಿನ ಜಾಗ ಪುಟ್ಟದಾಗಿರುವುದರಿಂದ ಆವಿ ಚದುರದೆ ಸೇದುವ ಕೊಳವೆಗೆ ಏರುತ್ತದೆ. 1.12 ಓಮ್ ಕಾಯಿಲಿಗೆ 13 ವ್ಯಾಟ್, 1.2 ಮಿ.ಮೀ. ರಂಧ್ರ: ಇದರಲ್ಲಿ ನನಗೆ ಸಿಕ್ಕ ರುಚಿ ಈ ಮೂರು ವರ್ಷಗಳಲ್ಲಿ ಯಾವ ಸಿದ್ಧ ಕಾಯಿಲಿನಲ್ಲೂ ಸಿಕ್ಕಿರಲಿಲ್ಲ. ತಂಬಾಕಿನ ರುಚಿಯದೆಂದು ಕೊಂಡು, ಸಪ್ಪೆಯೆಂದು ಮೂಲೆಗಿಟ್ಟಿದ್ದ ದ್ರವವೊಂದನ್ನು ಇದರಲ್ಲಿ ಹಾಕಿದಾಗ, ಅದರಲ್ಲಿ ಒಣದ್ರಾಕ್ಷಿಯ ಸಿಹಿಯೂ, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ಉಳಿಯುವ ಸಣ್ಣ ಕಹಿಯೂ ಇದೆ ಎಂದು ಮೊದಲ ಬಾರಿಗೆ ತಿಳಿಯಿತು. ದ್ರವ ಅದೇ, ಸೀಸೆಯೂ ಅದೇ.

ಮೂರನೇ ವಾರದಲ್ಲಿ ನೈಕ್ರೋಮ್ 80 ತಂತಿಯನ್ನು ಪ್ರಯತ್ನಿಸಿದೆ. ಶೇ. 80 ನಿಕಲ್, ಶೇ. 20 ಕ್ರೋಮಿಯಂ ಇರುವ ಈ ತಂತಿಯ ರೋಧ ಕಾಂತಲ್‌ಗಿಂತ ಕಡಿಮೆ. 26 ಗೇಜ್‌ನಲ್ಲಿ 3 ಮಿ.ಮೀ. ಕಡ್ಡಿಯ ಮೇಲೆ ಆರು ಸುತ್ತಿಗೆ 0.63 ಓಮ್ ಬಂತು, 18 ವ್ಯಾಟ್ ಬೇಡಿತು. ಆವಿ ಬೆಚ್ಚಗೆ, ದಟ್ಟವಾಗಿ ಬಂದರೂ 3 ಮಿ.ಮೀ. ಕಾಯಿಲಿನ ಬತ್ತಿ ದಪ್ಪವಾಗಿ, ಕಿರಿದಾದ ಕಂಡಿಗಳ ಹಳೆಯ ತಕರಾರು ಮತ್ತೆ ಎದ್ದಿತು. ಒಂದು ವಾರದ ಬಳಿಕ ಕಾಂತಲ್‌ಗೇ ಮರಳಿದೆ. ನಿಕಲ್ ಒಗ್ಗದ ಮೈಯವರು ನೈಕ್ರೋಮ್‌ನಿಂದ ದೂರವಿರುವುದು ಲೇಸು. ಉಷ್ಣಾಂಶವನ್ನು ಮಾಡ್‌ನಿಂದಲೇ ನಿಯಂತ್ರಿಸಬೇಕೆನ್ನುವವರಿಗೆ ಇವೆರಡೂ ಆಗುವುದಿಲ್ಲ. ಕಾದಂತೆ ರೋಧ ಗುರುತಿಸುವಷ್ಟು ಏರುವ ಎಸ್‌ಎಸ್ 316ಎಲ್‌ನಂಥ ತಂತಿ ಬೇಕು.

ಕೈಯಾರೆ ಸುತ್ತಿದ ಕಾಯಿಲನ್ನು ಬಳಸುವವರು ರೋಧವನ್ನು ತಾವೇ ಓದಿ ಮನದಟ್ಟು ಮಾಡಿಕೊಳ್ಳಬೇಕು ಎಂಬುದರಲ್ಲಿ ನಾನು ರಿಯಾಯಿತಿ ಕೊಡಲಾರೆ. ಲೆಕ್ಕಕ್ಕಿಂತ ಬಹಳ ಕಡಿಮೆ ಓಮ್ ತೋರಿದರೆ ಎಲ್ಲೋ ತಂತಿ ಲೋಹಕ್ಕೆ ತಗುಲಿದೆ ಎಂದರ್ಥ, ಸಂಖ್ಯೆ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲವಿದೆ ಎಂದರ್ಥ. ಶಾರ್ಟ್ ಆದಾಗ ತಾನಾಗಿ ನಿಲ್ಲುವ, ರಕ್ಷಣಾ ಸರ್ಕ್ಯೂಟ್ ಇರುವ ಮಾಡ್ ಅನ್ನೇ ಬಳಸಬೇಕು. ಸರ್ಕ್ಯೂಟ್ ಇಲ್ಲದ ಬರಿಯ ಕೊಳವೆಯಲ್ಲಿ 18650 ಬ್ಯಾಟರಿ ಹಾಕಿ ಪ್ರಯೋಗ ಮಾಡುವುದು ಮೊದಲ ಟ್ಯಾಂಕಿನವರ ಕೆಲಸವಲ್ಲ. ಪೂರ್ತಿ ಚಾರ್ಜ್ ಆದ 4.2 ವೋಲ್ಟಿನ ಆ ಬ್ಯಾಟರಿ ಶಾರ್ಟ್ ಆದರೆ ಬೆಂಕಿಯವರೆಗೂ ಹೋಗಬಹುದು. ಹೊದಿಕೆ ಹರಿದ ಬ್ಯಾಟರಿಯನ್ನು ಬಳಸಬಾರದು, ಬಿಡಿ ಬ್ಯಾಟರಿಯನ್ನು ಕೀಲಿಕೈಗಳ ಜೊತೆ ಜೇಬಿಗೆ ಹಾಕಬಾರದು.

ನಿರ್ವಹಣೆಯ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ಸಿಹಿ ದ್ರವ ಹಾಕಿದರೆ ನಾಲ್ಕನೇ ದಿನಕ್ಕೆ ಕಾಯಿಲಿನ ಮೇಲೆ ಕಪ್ಪು ಪದರ ಕಟ್ಟುತ್ತದೆ, ಸಿಹಿಯಿಲ್ಲದ ದ್ರವದಲ್ಲಿ ಅದೇ ಬತ್ತಿ ಎಂಟು ಹತ್ತು ದಿನ ಬಾಳಿತು. ಬತ್ತಿ ಕಿತ್ತು, ಕಡಿಮೆ ವ್ಯಾಟ್‌ನಲ್ಲಿ ತಂತಿಯನ್ನು ಮಂದ ಕೆಂಪಾಗುವಷ್ಟು ಕಾಯಿಸಿ, ತಣಿದ ಮೇಲೆ ನೀರಿನಡಿ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿದರೆ ಕಾಯಿಲು ಹೊಸದರಂತಾಗುತ್ತದೆ. ನನ್ನ ಮೊದಲ ಕಾಂತಲ್ ಕಾಯಿಲು ಹೀಗೆ ನಾಲ್ಕು ಬತ್ತಿಗಳನ್ನು ಕಂಡಿದೆ. ಸಿದ್ಧ ಕಾಯಿಲಾಗಿದ್ದರೆ ಅಷ್ಟರಲ್ಲಿ ನಾಲ್ಕನ್ನು ಕಸಕ್ಕೆ ಎಸೆದಿರುತ್ತಿದ್ದೆ. ಹತ್ತಿ ಬದಲಿಸುವ ಕೆಲಸ ಈಗ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಆದರೆ ಸ್ಕ್ರೂಗಳ ಬಗ್ಗೆ ಕ್ಷಮೆಯಿಲ್ಲ. ಇಡೀ ಟ್ಯಾಂಕನ್ನು ಇಷ್ಟು ನಯವಾಗಿ ಕಡೆದವರು, ಥ್ರೆಡ್‌ಗಳನ್ನು ಬೆಣ್ಣೆಯಲ್ಲಿ ಜಾರುವಂತೆ ಕೊರೆದವರು, ಕಾಯಿಲು ಹಿಡಿಯುವ ಎರಡು ಸ್ಕ್ರೂಗಳನ್ನು ಮೆದು ಲೋಹದಲ್ಲಿ ಮಾಡಿದ್ದಾರೆ. ಜೊತೆಗೆ ಕೊಟ್ಟ ಸ್ಕ್ರೂಡ್ರೈವರಿನ ಮೊನೆಯೂ ಸ್ಕ್ರೂವಿನ ತಲೆಯ ಸೀಳಿಗೆ ಸರಿಯಾಗಿ ಕೂರುವುದಿಲ್ಲ. ನಾಲ್ಕನೇ ವಾರ ಎಡಗಂಬದ ಸ್ಕ್ರೂವಿನ ತಲೆ ಸವೆದು, ಬಿಚ್ಚಲು ಅರ್ಧ ಗಂಟೆ ಒದ್ದಾಡಿದೆ. ರಬ್ಬರ್ ಬ್ಯಾಂಡ್ ಒಂದನ್ನು ನಡುವೆ ಇಟ್ಟು ಒತ್ತಿ ತಿರುಗಿಸಿದಾಗ ಕೊನೆಗೂ ಬಂತು. ಪೆಟ್ಟಿಗೆಯಲ್ಲಿದ್ದ ಬದಲಿ ಸ್ಕ್ರೂಗಳು ಎರಡೇ, ಅವೂ ಅದೇ ಲೋಹದವು. ಓ-ರಿಂಗ್‌ಗಳನ್ನು ಮಾತ್ರ ಧಾರಾಳವಾಗಿ, ಎರಡು ಸೆಟ್ ಕೊಟ್ಟಿದ್ದಾರೆ.

ಕೊಳ್ಳಬೇಕೇ ಎಂದು ಕೇಳುವವರಿಗೆ: ದಿನಕ್ಕೆ ಹತ್ತು ನಿಮಿಷವೂ ಇಂಥ ಕೆಲಸಕ್ಕೆ ಮೀಸಲಿಡಲಾಗದವರು, ಸಣ್ಣ ವಸ್ತುಗಳನ್ನು ಹಿಡಿದರೆ ಕೈ ನಡುಗುವವರು, ಪ್ರಯಾಣದಲ್ಲೇ ಹೆಚ್ಚು ಇರುವವರು ಸಿದ್ಧ ಕಾಯಿಲಿನ ಟ್ಯಾಂಕಿನಲ್ಲೇ ಉಳಿಯುವುದು ಒಳ್ಳೆಯದು. ವಿಮಾನದಲ್ಲಂತೂ ಹೊರಗಿನ ಒತ್ತಡ ಇಳಿದು ಗಾಜಿನೊಳಗಿನ ಗಾಳಿ ಹಿಗ್ಗುವುದರಿಂದ, ಎಂಥ ಬತ್ತಿಯಿದ್ದರೂ ಟ್ಯಾಂಕನ್ನು ಖಾಲಿ ಮಾಡಿಕೊಂಡೇ ಹೋಗಬೇಕು. ಆರ್‌ಟಿಎ ಬಳಸಿ ಪಳಗಿದವರಿಗೆ ಈ ಟ್ಯಾಂಕನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ರುಚಿಯೊಂದಕ್ಕಾಗಿಯೇ. ಮೊದಲ ಆರ್‌ಟಿಎ ಹುಡುಕುತ್ತಿರುವವರು ಅಗಲ ಕಂಡಿಗಳ ಬೇರೊಂದನ್ನು ನೋಡುವುದು ಮೇಲು. ಇದನ್ನೇ ಕೊಳ್ಳುವುದಾದರೆ ಜೊತೆಗೆ ಗಟ್ಟಿ ಉಕ್ಕಿನ ಸ್ಕ್ರೂಗಳನ್ನೂ, ಮೊನೆ ಸರಿಯಿರುವ ಸ್ಕ್ರೂಡ್ರೈವರನ್ನೂ ತರಿಸಿಕೊಳ್ಳಿ, ಮೊದಲ ಮೂರು ರಾತ್ರಿ ಟ್ಯಾಂಕನ್ನು ತಟ್ಟೆಯಲ್ಲಿಟ್ಟು ಮಲಗಿ. ನನ್ನದು ಕಳೆದ ಹದಿನೆಂಟು ದಿನಗಳಿಂದ ಸೋರಿಲ್ಲ, ತಟ್ಟೆಯನ್ನು ಮಾತ್ರ ಇನ್ನೂ ತೆಗೆದಿಲ್ಲ.